ಎಡಕ್ಕೆ ಎಳೆಯುವ ಬಸ್ಸು

ಬಸ್ಸು ಎಡಕ್ಕೆ ಎಳೆಯುತ್ತಿದೆ ಎಂದು ನಾನು ಮೊದಲು ಬೈದದ್ದು ಶಿರಾ ಗೇಟಿನ ಮೇಸ್ತ್ರಿಯನ್ನು. ತೊಂಬತ್ತರ ದಶಕ ಮುಗಿಯುತ್ತಾ ಬಂದಿತ್ತು. ನಾನು ಗುಬ್ಬಿಯಿಂದ ತುಮಕೂರು ಮಾರ್ಗವಾಗಿ ಕುಣಿಗಲ್ಲಿಗೆ ಹೋಗುವ ಪ್ರೈವೇಟ್ ಬಸ್ಸೊಂದರ ಡ್ರೈವರ್. ಹನ್ನೆರಡು ವರ್ಷದಿಂದ ಅದೇ ರೂಟು, ಆರು ವರ್ಷದಿಂದ ಅದೇ ಗಾಡಿ. ಆ ಗಾಡಿಯ ಕೆಮ್ಮು ನೆಗಡಿಯೆಲ್ಲ ನನಗೆ ಗೊತ್ತಿತ್ತು. ಅಂಥದ್ದರಲ್ಲಿ ಒಂದು ಬೇಸಿಗೆಯಲ್ಲಿ, ನೆಟ್ಟಗಿರುವ ರಸ್ತೆಯಲ್ಲೂ ಬಸ್ಸು ಇದ್ದಕ್ಕಿದ್ದ ಹಾಗೆ ಎಡಕ್ಕೆ ವಾಲಿದಂತಾಗತೊಡಗಿತು. ನಾನು ಸ್ಟೇರಿಂಗನ್ನು ಬಲಕ್ಕೆ ಎಳೆದು ಸರಿಮಾಡಿಕೊಳ್ಳುತ್ತಿದ್ದೆ. ಒಂದೆರಡು ಕ್ಷಣ, ಅಷ್ಟೇ. ಆಮೇಲೆ ಏನೂ ಆಗಿಲ್ಲವೆಂಬಂತೆ ಓಡುತ್ತಿತ್ತು.

ಮೇಸ್ತ್ರಿ ಮುಂದಿನ ಚಕ್ರಗಳ ಕಿಂಗ್‌ಪಿನ್ ಬದಲಾಯಿಸಿದ. ಬಸ್ಸು ಎಳೆಯಿತು. ಟೈರುಗಳನ್ನು ಅದಲು ಬದಲು ಮಾಡಿದ. ಎಳೆಯಿತು. ಕೊನೆಗೆ ಸ್ಟೇರಿಂಗ್ ಬಾಕ್ಸನ್ನೇ ಬಿಚ್ಚಿ ಕಟ್ಟಿದ. ಮೂರನೇ ಸಲ ನಾನು ಹೋಗಿ ಅವನ ಶೆಡ್ಡಿನ ಮುಂದೆ ನಿಂತು ಬಾಯಿಗೆ ಬಂದ ಹಾಗೆ ಬೈದಾಗ ಅವನು ಕೈಗೆ ಮೆತ್ತಿದ ಗ್ರೀಸನ್ನು ಬಟ್ಟೆಗೆ ಒರೆಸಿಕೊಂಡು, "ಹತ್ತಿ, ನಾನೇ ಓಡುಸ್ತೀನಿ" ಅಂದ.

ನಾನು ಪಕ್ಕದಲ್ಲಿ ಕೂತೆ. ಶಿರಾ ರಸ್ತೆಯಲ್ಲಿ ಸ್ವಲ್ಪ ದೂರ ಹೋದ ಮೇಲೆ ಅವನು ಎರಡೂ ಕೈ ಸ್ಟೇರಿಂಗಿನಿಂದ ತೆಗೆದು ತೊಡೆಯ ಮೇಲೆ ಇಟ್ಟುಕೊಂಡ. ಬಸ್ಸು ದಾರ ಹಿಡಿದ ಹಾಗೆ ನೇರ ಹೋಯಿತು.

"ಗಾಡಿ ಬರಾಬರ್ ಇದೆ ಅಣ್ಣ. ಇನ್ನೇನ್ ಬಿಚ್ಲಿ ಹೇಳಿ, ನನ್ ತಲೆ ಬಿಚ್ಲಾ?"

ಅವನು ನಗುತ್ತಲೇ ಹೇಳಿದ. ನನಗೆ ನಗು ಬರಲಿಲ್ಲ. ಗಾಡಿ ಸರಿಯಿದ್ದರೆ ತಪ್ಪು ಯಾರದ್ದು ಎಂದು ಒಂದು ಗಳಿಗೆ ತಲೆಗೆ ಬಂತು, ಆ ಯೋಚನೆಯನ್ನು ಅಲ್ಲೇ ಬಿಟ್ಟು ಬಸ್ಸಿಗೆ ದೃಷ್ಟಿಯಾಗಿದೆ ಎಂದು ತೀರ್ಮಾನಿಸಿದೆ. ಮಾರನೆಯ ದಿನ ಮುಂದಿನ ಎರಡು ಚಕ್ರಗಳ ಅಡಿಗೂ ನಿಂಬೆಹಣ್ಣು ಇಟ್ಟು ಹತ್ತಿಸಿದೆ. ಬೂದುಗುಂಬಳಕಾಯಿ ಒಡೆದೆ. ನಮ್ಮ ಕಂಡಕ್ಟರ್ ಊದಿನಕಡ್ಡಿ ಹಚ್ಚಿ ಬಸ್ಸಿಗೆಲ್ಲ ತೋರಿಸಿದ. ಅವನು ನನಗಿಂತ ಹತ್ತು ವರ್ಷ ಚಿಕ್ಕವನು, ನನ್ನನ್ನು ಅಣ್ಣ ಅನ್ನುತ್ತಿದ್ದ. ನಾನು ಅವನನ್ನು ದಿನಕ್ಕೆ ನಾಲ್ಕು ಸಲವಾದರೂ ಗದರುತ್ತಿದ್ದೆ.

ಆ ಬೇಸಿಗೆಯಲ್ಲೇ ನನ್ನ ಬಲಗಿವಿ ಆಗಾಗ ತುಂಬಿಕೊಳ್ಳತೊಡಗಿತ್ತು. ಕೆರೆಯಲ್ಲಿ ಈಜಿ ಬಂದ ಮೇಲೆ ಕಿವಿಯಲ್ಲಿ ನೀರು ನಿಂತ ಹಾಗೆ. ಆಮೇಲೆ ಸಣ್ಣಗೆ ಗುಂಯ್ ಎಂಬ ಸದ್ದು. ಕಿಟಕಿ ಕಡೆಯ ಕಿವಿ, ದಿನವಿಡೀ ಗಾಳಿ, ಧೂಳು, ಲಾರಿಗಳ ಹಾರನ್ನು. ಆಗದೇ ಇರುತ್ತದೆಯೇ ಎಂದುಕೊಂಡೆ. ಹೆಂಡತಿ ಕೊಬ್ಬರಿ ಎಣ್ಣೆಗೆ ಬೆಳ್ಳುಳ್ಳಿ ಜಜ್ಜಿ ಹಾಕಿ ಬಿಸಿ ಮಾಡಿ ಕಿವಿಗೆ ಬಿಟ್ಟಳು. ಆ ಸದ್ದಿಗೂ ಬಸ್ಸು ಎಳೆಯುವುದಕ್ಕೂ ಸಂಬಂಧವಿದೆ ಎಂದು ಹೇಳಿದ್ದರೆ ನಾನು ಹೇಳಿದವರನ್ನು ಹುಚ್ಚರು ಅನ್ನುತ್ತಿದ್ದೆ.

ಒಂದು ಸೋಮವಾರ ನನಗೆ ರಜೆ. ಗುಬ್ಬಿಯ ಮನೆಯಲ್ಲಿ ಮುದ್ದೆಯ ತಟ್ಟೆ ಮುಂದಿಟ್ಟುಕೊಂಡು ಕೂತಿದ್ದೆ. ಕಿವಿ ತುಂಬಿಕೊಂಡಿತು. ಗುಂಯ್ ಎಂಬುದು ಜೋರಾಯಿತು. ಮೊದಲ ತುತ್ತು ಮುರಿದು ಸಾರಿಗೆ ಅದ್ದಿದ್ದೆ, ಅಷ್ಟರಲ್ಲಿ ಮನೆ ಎಡಕ್ಕೆ ಎಳೆಯಿತು.

ಎದುರಿನ ಗೋಡೆ, ಗೋಡೆಯ ಕ್ಯಾಲೆಂಡರು, ಬಾಗಿಲು, ಬಾಗಿಲಲ್ಲಿ ನಿಂತಿದ್ದ ಹೆಂಡತಿ, ಎಲ್ಲ ಒಂದೇ ಕಡೆಗೆ ಜಾರಿ ಹೋಗುತ್ತಿದ್ದವು, ಹೋಗಿ ಮತ್ತೆ ಮೊದಲಿನಿಂದ ಜಾರುತ್ತಿದ್ದವು. ನಾನು ನೆಲ ಹಿಡಿದುಕೊಂಡೆ. ನೆಲವೂ ನಿಲ್ಲಲಿಲ್ಲ. ಬೆಳಿಗ್ಗೆ ತಿಂದದ್ದೆಲ್ಲ ವಾಂತಿಯಾಯಿತು. ಎರಡು ಗಂಟೆ ಹೊತ್ತು ತಣ್ಣನೆಯ ನೆಲಕ್ಕೆ ಕೆನ್ನೆ ಒತ್ತಿಕೊಂಡು ಬಿದ್ದಿದ್ದೆ. ಕಣ್ಣು ಬಿಟ್ಟರೆ ಮತ್ತೆ ಶುರು. ಆ ಎರಡು ಗಂಟೆಯಲ್ಲಿ ನನಗೆ ಎಲ್ಲಕ್ಕಿಂತ ಹೆಚ್ಚು ಭಯ ಹುಟ್ಟಿಸಿದ್ದು ಒಂದೇ ವಿಷಯ. ಬಸ್ಸು ಅಲ್ಲಿರಲಿಲ್ಲ. ಅದು ಅರ್ಧ ಮೈಲಿ ದೂರದ ಸ್ಟ್ಯಾಂಡಿನಲ್ಲಿ ತನ್ನ ಪಾಡಿಗೆ ತಾನು ನಿಂತಿತ್ತು.

"ಪಿತ್ತ ಕಣ್ರೀ ಇದು. ಬರೀ ಹೊಟ್ಟೇಲಿ ಗಾಡಿ ಹತ್ತಿ ಹತ್ತಿ ಪಿತ್ತ ನೆತ್ತಿಗೇರಿದೆ" ಅಂದಳು ಹೆಂಡತಿ. ಅವತ್ತಿನಿಂದ ಬೆಳಿಗ್ಗೆ ಎದ್ದ ಕೂಡಲೇ ನಿಂಬೆಹಣ್ಣಿನ ಪಾನಕ, ಅದಕ್ಕೆ ಸಕ್ಕರೆ ಬೇಡವೆಂದು ಚೆನ್ನಾಗಿ ಉಪ್ಪು. ಮಧ್ಯಾಹ್ನಕ್ಕೆ ಬಾಟಲಿಯಲ್ಲಿ ಉಪ್ಪು ಮಜ್ಜಿಗೆ. ಬಾಯಿ ರುಚಿ ಕೆಟ್ಟಿದೆ ಎಂದು ಊಟಕ್ಕೆ ಎರಡು ಹೋಳು ಹೆಚ್ಚು ಉಪ್ಪಿನಕಾಯಿ. ನಾನು ಎಲ್ಲವನ್ನೂ ಔಷಧಿ ಎಂದೇ ನುಂಗಿದೆ. ತಿಂಗಳೊಳಗೆ ಇನ್ನೂ ಎರಡು ಸಲ ಮನೆ ಎಳೆಯಿತು.

ಆಮೇಲೆ ತುಮಕೂರಿನ ಕಿವಿ ಡಾಕ್ಟರ ಹತ್ತಿರ ಹೋದೆ. ಖಾಕಿ ಬಿಟ್ಟು ಬಿಳಿ ಶರ್ಟು ಹಾಕಿಕೊಂಡು ಹೋಗಿದ್ದೆ. ಡಾಕ್ಟರು ಹೆಂಗಸು, ನನಗಿಂತ ಚಿಕ್ಕ ವಯಸ್ಸು. ಏನು ಕೆಲಸ ಮಾಡುತ್ತೀರಿ ಎಂದು ಕೇಳಿದರು.

"ಕೊಬ್ಬರಿ ಮಂಡೀಲಿ ಗುಮಾಸ್ತ" ಅಂದೆ.

ಅವರು ನನ್ನ ಕೈಗಳನ್ನು ನೋಡಿದರು. ಹನ್ನೆರಡು ವರ್ಷ ಕಿಟಕಿಯ ಮೇಲೆ ಊರಿದ್ದ ನನ್ನ ಬಲಗೈ ಎಡಗೈಗಿಂತ ಎರಡು ಪಾಲು ಕಪ್ಪಾಗಿತ್ತು. ಗುಮಾಸ್ತ ಎಂದೇ ಬರೆದುಕೊಂಡರು.

ಒಂದು ಸಣ್ಣ ಕೋಣೆಯಲ್ಲಿ ಕೂರಿಸಿ ಕಿವಿಗೆ ಹೆಡ್‌ಫೋನ್ ಹಾಕಿ, ಸದ್ದು ಕೇಳಿದಾಗೆಲ್ಲ ಗುಂಡಿ ಒತ್ತಿ ಅಂದರು. ಎಡಗಿವಿಗೆ ಒತ್ತಿದೆ ಒತ್ತಿದೆ. ಬಲಗಿವಿಗೆ ಸುಮ್ಮನೆ ಕೂತಿದ್ದೆ, ಇನ್ನೂ ಶುರು ಮಾಡಿಲ್ಲ ಎಂದುಕೊಂಡು. ಶುರು ಮಾಡಿ ಮುಗಿಸಿಯೂ ಆಗಿತ್ತು. ಆಮೇಲೆ ಮಲಗಿಸಿ ಒಂದೊಂದೇ ಕಿವಿಗೆ ತಣ್ಣೀರು ಬಿಟ್ಟು ನನ್ನ ಕಣ್ಣುಗುಡ್ಡೆ ಎಷ್ಟು ಹೊತ್ತು ಆಡುತ್ತದೆ ಎಂದು ಗಡಿಯಾರ ಹಿಡಿದು ನೋಡಿದರು. ಎಡಗಿವಿಗೆ ಬಿಟ್ಟಾಗ ಕೋಣೆಯೇ ತಿರುಗಿತು. "ತಲೆ ತಿರುಗ್ತದೆ ಅಂತ ಬಂದವನಿಗೆ ಬೇಕು ಅಂತ ತಿರುಗಿಸ್ತೀರಲ್ಲ" ಎಂದು ನಾನು ರೇಗಿದೆ. ಅವರು ಬೇಜಾರು ಮಾಡಿಕೊಳ್ಳಲಿಲ್ಲ.

"ಎಡಗಡೆ ತಿರುಗಿದ್ದು ಒಳ್ಳೇದು. ಬಲಗಡೆ ತಿರುಗಬೇಕಾದಷ್ಟು ತಿರುಗಲಿಲ್ಲ, ತೊಂದರೆ ಅಲ್ಲಿದೆ" ಅಂದರು. ಕಿವಿ ಕೇಳುವುದಕ್ಕೆ ಮಾತ್ರವಲ್ಲ, ಮೈ ನೆಟ್ಟಗಿದೆಯೋ ಇಲ್ಲವೋ ಹೇಳುವುದೂ ಅದೇ ಎಂದು ನನಗೆ ಗೊತ್ತಾದದ್ದು ಅವತ್ತು. ಒಳಗಿವಿಯಲ್ಲಿ ಬಳೆಯಂಥ ಮೂರು ಸಣ್ಣ ಕೊಳವೆಗಳು, ಅವುಗಳಲ್ಲಿ ನೀರು. ತಲೆ ಅಲ್ಲಾಡಿದರೆ ನೀರು ಅಲ್ಲಾಡಿ ಮೆದುಳಿಗೆ ಸುದ್ದಿ ಹೋಗುತ್ತದೆ. ಎರಡು ಕಿವಿಯೂ ಜೋಡೆತ್ತಿನ ಹಾಗೆ ಸಮ ಎಳೆದರೆ ಸರಿ. ನನ್ನ ಬಲಗಿವಿಯಲ್ಲಿ ಆ ನೀರು ಹೆಚ್ಚಾಗಿ ಒತ್ತುತ್ತಿದೆ, ಅದಕ್ಕೇ ಕಿವಿ ತುಂಬುವುದು, ಸದ್ದು, ಮಂದ ಕೇಳುವುದು. ಒತ್ತಡ ಮಿತಿ ಮೀರಿದಾಗ ಒಂದು ಎತ್ತು ಮಲಗಿಬಿಡುತ್ತದೆ, ಗಾಡಿ ತಿರುಗುತ್ತದೆ.

"ಉಪ್ಪು ಹೆಚ್ಚಾದ್ರೆ ಈ ನೀರೂ ಹೆಚ್ಚಾಗುತ್ತೆ. ಉಪ್ಪಿನಕಾಯಿ, ಹಪ್ಪಳ, ಉಪ್ಪು ಮಜ್ಜಿಗೆ ಇವತ್ತಿಂದ ಬಂದ್. ಕಾಫಿ ಕಮ್ಮಿ ಮಾಡಿ. ಮಾತ್ರೆ ತಪ್ಪಿಸಬೇಡಿ" ಅಂದರು. ಮನೆಯಲ್ಲಿ ಮಾಡಲು ಒಂದು ಕಸರತ್ತನ್ನೂ ಕಲಿಸಿದರು. ಹೆಬ್ಬೆರಳನ್ನು ಮುಖದ ಮುಂದೆ ಹಿಡಿದು, ಅದರ ಮೇಲಿಂದ ಕಣ್ಣು ತೆಗೆಯದೆ ತಲೆಯನ್ನು ಆಚೆ ಈಚೆ ತಿರುಗಿಸುವುದು.

"ವಾಸಿ ಆಗುತ್ತಾ?"

"ಹತೋಟಿಗೆ ಬರುತ್ತೆ. ತಿಂಗಳುಗಟ್ಟಲೆ ಬರದೇ ಇರಬಹುದು. ಆದ್ರೆ ಯಾವಾಗ ಬರುತ್ತೆ ಅಂತ ನಾನೂ ಹೇಳಕ್ಕಾಗಲ್ಲ, ನೀವೂ ಹೇಳಕ್ಕಾಗಲ್ಲ. ಬಂದಾಗ ಕಣ್ಣಿಗೆ ಕಾಣೋದೆಲ್ಲ ಸುಳ್ಳು. ಅದನ್ನ ನಂಬಿ ಏನನ್ನೂ ಸರಿ ಮಾಡಕ್ಕೆ ಹೋಗಬೇಡಿ, ಇದ್ದಲ್ಲೇ ಇರಿ." ಚೀಟಿ ಬರೆದು ಕೈಗೆ ಕೊಡುವಾಗ ಮತ್ತೆ ನನ್ನ ಬಲಗೈ ನೋಡಿದರು. "ಗುಮಾಸ್ತರಾದ್ರೂ ಸರಿ, ಯಾರಾದ್ರೂ ಸರಿ. ಗಾಡಿ ಓಡಿಸಬೇಡಿ."

ಚೀಟಿಯ ಕೊನೆಯಲ್ಲಿ ಅದನ್ನೇ ಕನ್ನಡದಲ್ಲಿ ಬರೆದು ಕೆಳಗೆ ಗೆರೆ ಎಳೆದಿದ್ದರು. ಹೆಂಡತಿಗೆ ಉಪ್ಪಿನ ವಿಷಯ ಹೇಳಿದೆ, ಮಾತ್ರೆ ತೋರಿಸಿದೆ. ಚೀಟಿಯನ್ನು ಮಡಚಿ ಬಸ್ಸಿನಲ್ಲಿ ನನ್ನ ಸೀಟಿನ ಹಿಂದಿನ ಡಬ್ಬದೊಳಗೆ, ಗಾಡಿಯ ಕಾಗದಪತ್ರಗಳ ಅಡಿಗೆ ಸೇರಿಸಿದೆ. ನಾನು ಕಲಿತದ್ದು ಅದೊಂದೇ ಕೆಲಸ. ನಮ್ಮ ಓನರ್ ಹತ್ತಿರವೇ ಇದ್ದ ಇನ್ನೊಬ್ಬ ಡ್ರೈವರಿಗೆ ಫಿಟ್ಸ್ ಬರುತ್ತದೆ ಎಂದು ಗೊತ್ತಾದ ದಿನ ಸಂಜೆಯೊಳಗೆ ಅವನನ್ನು ಇಳಿಸಿದ್ದರು. ಆಮೇಲೆ ಗುಬ್ಬಿ ತುಮಕೂರು ಸೀಮೆಯಲ್ಲಿ ಯಾರೂ ಅವನನ್ನು ಹತ್ತಿಸಲಿಲ್ಲ.

ಉಪ್ಪು ಬಿಟ್ಟ ಮೇಲೆ ನಾಲ್ಕು ತಿಂಗಳು ಏನೂ ಆಗಲಿಲ್ಲ. ಸಪ್ಪೆ ಸಾರು, ಸಪ್ಪೆ ಪಲ್ಯ ತಿಂದುಕೊಂಡು ನಾನು ಗೆದ್ದೆ ಎಂದುಕೊಂಡಿದ್ದೆ. ಐದನೇ ತಿಂಗಳು ಕಿವಿ ಮತ್ತೆ ತುಂಬತೊಡಗಿತು. ತುಂಬಿದ ಮೇಲೆ ತಿರುಗಲು ಹತ್ತು ನಿಮಿಷವಾದರೂ ಹಿಡಿಯುತ್ತದೆ ಎಂದು ಲೆಕ್ಕ ಹಾಕಿದ್ದೆ. ತುಂಬಿದ ಕೂಡಲೇ ಬಸ್ಸನ್ನು ಮರದ ನೆರಳಿಗೆ ನಿಲ್ಲಿಸಿ, ನೀರು ಕುದಿಯುತ್ತಿದೆ ಎಂದು ಹೇಳಿ ರೇಡಿಯೇಟರಿನ ಮುಂದೆ ಬಂಪರ್ ಹಿಡಿದು ಕುಕ್ಕರುಗಾಲಲ್ಲಿ ಕೂರುತ್ತಿದ್ದೆ. ಎಷ್ಟೋ ಸಲ ತಿರುಗದೆಯೇ ಇಳಿದುಹೋಗುತ್ತಿತ್ತು.

ಮೂರನೇ ಸಲ ಹಾಗೆ ಕೂತಾಗ ಕಂಡಕ್ಟರ್ ಬಂದು ಪಕ್ಕದಲ್ಲಿ ಕೂತ.

"ಅಣ್ಣ, ನೀರು ಕುದೀತಿಲ್ಲ. ಮೀಟ್ರು ನಾನೂ ನೋಡ್ತೀನಿ."

"ನಿನ್ ಟಿಕೇಟ್ ಹರಿಯೋ ಕೆಲ್ಸ ನೀನ್ ನೋಡ್ಕೊಳ್ಲಾ."

"ಓನರ್‌ಗೆ ಹೇಳ್ಬುಡಣ್ಣ. ಐವತ್ತರವತ್ತು ಜನ ಇರ್ತಾರೆ ಒಳಗೆ."

ನಾನು ಅವನ ಅಪ್ಪ ಅಮ್ಮನನ್ನು ಸೇರಿಸಿ ಬೈದೆ. ಅವನು ಎದ್ದು ಹೋಗಿ ಬಾಗಿಲಲ್ಲಿ ನಿಂತ. ಅವತ್ತಿನಿಂದ ಟಿಕೇಟು ಮುಗಿದ ಮೇಲೆ ಹಿಂದಿನ ಸೀಟಿಗೆ ಹೋಗುವುದನ್ನು ಬಿಟ್ಟು ಮುಂದೆ, ನನಗೆ ಕೈಯಳತೆಯಲ್ಲಿ ನಿಲ್ಲತೊಡಗಿದ. ನನಗೆ ಗೊತ್ತಿತ್ತು ಯಾಕೆ ಎಂದು.

ಹೆಬ್ಬೂರು ದಾಟಿದ ಮೇಲೆ ಒಂದು ಸಣ್ಣ ಊರಿನ ಸ್ಟಾಪಿನಲ್ಲಿ ದಿನಾ ಬೆಳಿಗ್ಗೆ ಒಬ್ಬ ತಾಯಿ ಮಗಳನ್ನು ಹತ್ತಿಸುತ್ತಿದ್ದಳು. ಹುಡುಗಿ ಕುಣಿಗಲ್ಲಿನ ಸ್ಕೂಲಿನಲ್ಲಿ ಆರನೇ ಕ್ಲಾಸು. ಜಾಗ ಇರಲಿ ಇಲ್ಲದಿರಲಿ, ಅವಳು ಬಂದು ನನ್ನ ಪಕ್ಕದ ಇಂಜಿನ್ ಮುಚ್ಚಳದ ಮೇಲೆ ಬ್ಯಾಗು ತಬ್ಬಿಕೊಂಡು ಕೂರುವಳು. ತಾಯಿ ಹೂ ಬೆಳೆಯುತ್ತಿದ್ದಳು. ಒಂದು ಮೊಳ ಸೇವಂತಿಗೆಯನ್ನು ಮಗಳ ಕೈಗೆ ಕೊಟ್ಟು ನನ್ನ ಎದುರಿನ ದೇವರ ಫೋಟೋಗೆ ಹಾಕಿಸುವಳು. ನಾನು ಗೇರು ಹಾಕುವಾಗ ಕೆಳಗಿನಿಂದ, "ಜ್ವಾಪಾನ ಕಣಣ್ಣ" ಅನ್ನುವಳು. ಎರಡು ವರ್ಷ ಒಂದು ದಿನವೂ ತಪ್ಪಿಸಿದ್ದಿಲ್ಲ. ಸಂಜೆ ವಾಪಸ್ಸು ಬರುವುದೂ ನಮ್ಮ ಬಸ್ಸಿನಲ್ಲೇ.

ಕುಣಿಗಲ್ ಇನ್ನೂ ಸ್ವಲ್ಪ ದೂರ ಇರುವಾಗ ರಸ್ತೆ ಒಂದು ಕೆರೆ ಏರಿಯ ಮೇಲೆ ಹಾದುಹೋಗುತ್ತಿತ್ತು. ಬಲಗಡೆ ನೀರು, ಎಡಗಡೆ ಇಳಿಜಾರಿನ ಕೆಳಗೆ ಗದ್ದೆ. ಏರಿಯ ಮೇಲೆ ಬಸ್ಸು ನಿಲ್ಲಿಸಲು ಜಾಗವಿಲ್ಲ. ಆವತ್ತು ಬೆಳಿಗ್ಗೆ ಏರಿಗೆ ಮುಂಚೆಯೇ ನನ್ನ ಕಿವಿ ತುಂಬಿತು. ಹಿಂದೆ ಇನ್ನೊಂದು ಬಸ್ಸು ಹಾರನ್ ಹೊಡೆಯುತ್ತಾ ಬರುತ್ತಿತ್ತು, ನಿಂತರೆ ಮುಂದಿನ ಸ್ಟಾಪಿನ ಜನವನ್ನೆಲ್ಲ ಅದೇ ಎತ್ತಿಕೊಳ್ಳುತ್ತದೆ. ಹತ್ತು ನಿಮಿಷ ಇದೆಯಲ್ಲ, ಏರಿ ದಾಟಿ ನಿಲ್ಲಿಸೋಣ ಎಂದುಕೊಂಡೆ.

ಅವತ್ತು ಅದು ಹತ್ತು ನಿಮಿಷ ಕೊಡಲಿಲ್ಲ. ಏರಿಯ ನಡುವೆ ರಸ್ತೆ ಎಡಕ್ಕೆ ಎಳೆಯಿತು. ಬಸ್ಸು ಗದ್ದೆಗೆ ಬೀಳುತ್ತಿದೆ ಎಂದು ನನ್ನ ಕಣ್ಣು ಹೇಳಿತು, ಕೈಗಳು ತಾವಾಗಿಯೇ ಸ್ಟೇರಿಂಗನ್ನು ಬಲಕ್ಕೆ ತಿರುಗಿಸಿದವು. ಬಲಕ್ಕೆ ನೀರು. ಹುಡುಗಿಯ ಬ್ಯಾಗು ಜಾರಿ ನನ್ನ ಕಾಲಿಗೆ ಬಡಿಯಿತು. ಕಾಣುವುದೆಲ್ಲ ಸುಳ್ಳು ಎಂದ ಡಾಕ್ಟರ ಮಾತು ನೆನಪಾದದ್ದು ಆಗಲೋ ಆಮೇಲೋ ಹೇಳಲಾರೆ. ಹನ್ನೆರಡು ವರ್ಷದಲ್ಲಿ ಎಂದೂ ಮಾಡದ ಕೆಲಸ ಮಾಡಿದೆ. ಕಣ್ಣು ಮುಚ್ಚಿದೆ, ಸ್ಟೇರಿಂಗ್ ಬಿಟ್ಟೆ, ಬ್ರೇಕಿನ ಮೇಲೆ ನಿಂತೆ. ಅದೇ ಹೊತ್ತಿಗೆ ಯಾವುದೋ ಕೈ ನನ್ನ ಎದೆಯ ಮೇಲಿನಿಂದ ಬಂದು ಸ್ಟೇರಿಂಗ್ ಹಿಡಿದು ಎಳೆಯಿತು. ಕಂಡಕ್ಟರನ ಕೈ.

ಬಸ್ಸು ನಿಂತಾಗ ಬಲಗಡೆಯ ಮುಂದಿನ ಚಕ್ರ ಏರಿಯ ಅಂಚಿನ ಕಲ್ಲಿಗೆ ಒರಗಿತ್ತು. ಕಲ್ಲಿನ ಆಚೆ ನೀರು. ಯಾರಿಗೂ ಏನೂ ಆಗಲಿಲ್ಲ. ನಾನು ಇಳಿಯಲು ಹೋಗಿ ಬಿದ್ದೆ, ಎದ್ದು ನಿಲ್ಲಲಾಗದೆ ಕೈಕಾಲಿನ ಮೇಲೆ ತೆವಳಿ ರಸ್ತೆಯ ಮೇಲೆ ವಾಂತಿ ಮಾಡಿಕೊಂಡೆ. ಜನ ಸುತ್ತಲೂ ನಿಂತರು.

"ಬೆಳ್ ಬೆಳಿಗ್ಗೇನೇ ಕುಡ್ಕೊಂಡ್ ಬಂದವ್ನೆ" ಅಂದ ಒಬ್ಬ.

ಇನ್ನೊಬ್ಬ ಕಾಲರ್ ಹಿಡಿದು ಎತ್ತಿ ಕೆನ್ನೆಗೆ ಹೊಡೆದ. "ಹೇಳ್ಲಾ, ಕುಡಿದಿದೀಯಾ ಇಲ್ವಾ?"

ನಮ್ಮದು ಲಿಂಗ ಕಟ್ಟಿಕೊಂಡವರ ಮನೆ. ನಮ್ಮಪ್ಪ ತಿಂಗಳಿಗೊಮ್ಮೆ ಮಠಕ್ಕೆ ಹೋಗಿ ಬರುತ್ತಿದ್ದವರು, ನಾನು ಹೆಂಡದ ವಾಸನೆಯನ್ನೂ ಹತ್ತಿರದಿಂದ ನೋಡಿದವನಲ್ಲ. ಆದರೂ ಆ ತಿರುಗುವ ತಲೆಯಲ್ಲೇ ಒಂದು ಮಾತು ಸ್ಪಷ್ಟವಾಗಿ ಹೊಳೆಯಿತು. ನಮ್ಮ ಓನರ್ ಹತ್ತಿರ ಕುಡುಕ ಡ್ರೈವರೊಬ್ಬ ಮೂರು ಸಲ ಸಿಕ್ಕಿಬಿದ್ದು ಮೂರು ಸಲವೂ ವಾಪಸ್ಸು ಬಂದಿದ್ದ. ಫಿಟ್ಸಿನವನು ಬಂದಿರಲಿಲ್ಲ.

"ಕುಡಿದಿದೀನಿ" ಅಂದೆ.

ಕಂಡಕ್ಟರ್ ನನ್ನ ಮುಖ ನೋಡಿದ. ಹೊಡೆದವನ ಕೈಯಿಂದ ನನ್ನ ಕಾಲರ್ ಬಿಡಿಸಿದ. ಹುಡುಗಿ ಬಸ್ಸಿನ ಮೆಟ್ಟಿಲ ಮೇಲೆ ನಿಂತು ಅಳುತ್ತಿದ್ದಳು.

ನಾನು ಎಣಿಸಿದ ಹಾಗೆಯೇ ಆಯಿತು. ಓನರ್ ಮನೆಗೆ ಕರೆಸಿ ಅರ್ಧ ಗಂಟೆ ಬೈದರು. "ನಮ್ಮಲ್ಲಿ ಹುಟ್ಟಿ ಇದೇನಯ್ಯ ಗತಿ ನಿಂಗೆ?" ಅಂದರು. ಆಮೇಲೆ ಮಠಕ್ಕೆ ಕರೆದುಕೊಂಡು ಹೋಗಿ ಗದ್ದುಗೆಯ ಮುಂದೆ ನಿಲ್ಲಿಸಿ, ಇನ್ನು ಮುಂದೆ ಕುಡಿಯುವುದಿಲ್ಲ ಎಂದು ಪ್ರಮಾಣ ಮಾಡಿಸಿದರು. ನಾನು ಮಾಡಿದೆ. ಎಂದೂ ಮುಟ್ಟದ್ದನ್ನು ಇನ್ನು ಮುಟ್ಟುವುದಿಲ್ಲ ಎಂದು ಹಣೆಗೆ ವಿಭೂತಿ ಹಚ್ಚಿಕೊಂಡು ಹೇಳುವಾಗ ಮೈಯೆಲ್ಲ ಬೆವೆತಿತು. ಓನರ್ ಬೆನ್ನು ತಟ್ಟಿ, "ತಪ್ಪು ಯಾರ್ ಮಾಡಲ್ಲ. ಹದಿನೈದು ದಿನ ಗಾಡಿ ಶೆಡ್ಡಲ್ಲಿರುತ್ತೆ, ಆಮೇಲೆ ಬಾ, ಗಾಡಿ ನಿಂದೇ" ಅಂದರು. ಹಾಳಾದವರು ನಿಜವಾಗಿಯೂ ಕುಡಿದಿದ್ದೆಯಾ ಎಂದು ಒಂದು ಮಾತು ಗಟ್ಟಿಯಾಗಿ ಕೇಳಿದ್ದರೆ ನಾನು ನಿಜ ಒಪ್ಪಿಬಿಡುತ್ತಿದ್ದೆನೇನೋ. ಯಾರೂ ಕೇಳಲಿಲ್ಲ. ಎಲ್ಲರಿಗೂ ಕುಡಿತ ಅರ್ಥವಾಗುತ್ತಿತ್ತು.

ಅರ್ಥವಾಗದವಳು ಹೆಂಡತಿ ಒಬ್ಬಳೇ. ಕಂಡಕ್ಟರ್ ನನ್ನ ಡಬ್ಬದಲ್ಲಿದ್ದ ಸಾಮಾನನ್ನು ಮನೆಗೆ ತಂದುಕೊಟ್ಟಿದ್ದ, ಅದರಲ್ಲಿ ಚೀಟಿಯೂ ಇತ್ತು. ಗೆರೆ ಎಳೆದ ಸಾಲನ್ನು ಅವಳು ಓದಿದ್ದಳು. ಅವತ್ತು ಊಟಕ್ಕೆ ಕೂತಾಗ ಉಪ್ಪಿನ ಮರಿಗೆ, ಉಪ್ಪಿನಕಾಯಿ ಜಾಡಿ ಎರಡನ್ನೂ ತಂದು ನನ್ನ ತಟ್ಟೆಯ ಮುಂದೆ ಇಟ್ಟಳು.

"ತಿನ್ನಿ. ಹೆಂಗೂ ಓಡಿಸ್ತೀರಲ್ಲ. ಉಪ್ಪು ಬಿಟ್ಟು ಯಾರನ್ನ ಉಳಿಸಬೇಕಾಗಿದೆ?"

ನಾನು ಕೂಗಾಡಿದೆ, ತಟ್ಟೆ ತಳ್ಳಿದೆ. ಅವಳು ಅಳಲೂ ಇಲ್ಲ. ಹದಿನೈದು ದಿನ ಆ ಮನೆಯಲ್ಲಿ ನಾವಿಬ್ಬರೂ ಮಾತಿಲ್ಲದೆ ಕಳೆದೆವು.

ಹದಿನಾರನೆಯ ದಿನ ಬೆಳಿಗ್ಗೆ ಖಾಕಿ ಹಾಕಿಕೊಂಡು ಬಸ್ಸು ಹತ್ತಿದೆ. ಕಂಡಕ್ಟರ್ ಮುಂದೆಯೇ ನಿಂತಿದ್ದ. ಜನ ನನ್ನನ್ನು ನೋಡಿ ಗುಸುಗುಸು ಅನ್ನುತ್ತಿದ್ದರು, ಇಬ್ಬರು ಹತ್ತಿದವರು ಇಳಿದರು. ತುಮಕೂರು ದಾಟಿತು, ಹೆಬ್ಬೂರು ದಾಟಿತು. ಕಿವಿ ಸುಮ್ಮನಿತ್ತು. ಆ ಊರಿನ ಸ್ಟಾಪಿನಲ್ಲಿ ನಿಲ್ಲಿಸಿದಾಗ ತಾಯಿ ಮಗಳನ್ನು ಎಂದಿನಂತೆ ಹತ್ತಿಸಲಿಲ್ಲ. ಮಗಳ ಕೈ ಹಿಡಿದುಕೊಂಡೇ ನನ್ನ ಕಿಟಕಿಯ ಕೆಳಗೆ ಬಂದು ನಿಂತಳು.

"ಅಣ್ಣ, ಮಗಿ ಸ್ಕೂಲ್ ಟೈಮಿಗೆ ಬೇರೆ ಬಸ್ ನಮ್ಮೂರಲ್ಲಿ ನಿಲ್ಸಲ್ಲ. ಹದಿನೈದ್ ದಿನ ಸ್ಕೂಲ್ ತಪ್ಪಿಸ್ಕೊಂಡವ್ಳೆ. ಕುಡಿದಿಲ್ಲ ಅಂತ ದೇವ್ರ ಫೋಟೋ ಮುಟ್ಟಿ ಹೇಳಿ. ಕಳಿಸ್ತೀನಿ."

ನಾನು ಕೈ ಚಾಚಿ ಫೋಟೋ ಮುಟ್ಟಿದೆ. ಹದಿನಾರು ದಿನದ ಹಿಂದೆ ಅವಳೇ ಕಟ್ಟಿ ಕಳಿಸಿದ್ದ ಸೇವಂತಿಗೆ ಒಣಗಿ ಇನ್ನೂ ಅಲ್ಲೇ ನೇತಾಡುತ್ತಿತ್ತು.

"ಕುಡಿದಿಲ್ಲ" ಅಂದೆ.

ಅವಳ ಮುಖ ಸಡಿಲಾಯಿತು. ಅಷ್ಟು ಸಾಕಾಗಿತ್ತು ಅವಳಿಗೆ. ಮಗಳು ಓಡಿಬಂದು ಹತ್ತಿ, ಹಳೆಯ ಜಾಗದಲ್ಲೇ ಬ್ಯಾಗು ತಬ್ಬಿಕೊಂಡು ಕೂತಳು. ಹೊಸ ಹೂವನ್ನು ಫೋಟೋಗೆ ಸಿಕ್ಕಿಸಿ ನನ್ನ ಕಡೆ ನೋಡಿ ನಕ್ಕಳು. ಕೆಳಗಿನಿಂದ ತಾಯಿ, "ಜ್ವಾಪಾನ ಕಣಣ್ಣ" ಅಂದಳು. ಕಂಡಕ್ಟರ್ ರೈಟ್ ಎಂದು ಸೀಟಿ ಊದಿದ.

ಸೀಟಿ ನನ್ನ ಎಡಗಿವಿಗೆ ಮಾತ್ರ ಕೇಳಿಸಿತು. ಬಲಗಿವಿ ತುಂಬಿರಲಿಲ್ಲ, ಸದ್ದು ಶುರುವಾಗಿರಲಿಲ್ಲ, ರಸ್ತೆ ನೆಟ್ಟಗಿತ್ತು. ಏನೂ ಆಗದೇ ಇರಬಹುದಿತ್ತು. ಏರಿ ಇನ್ನು ಕಾಲು ಗಂಟೆಯ ದಾರಿ. ನಾನು ಇಂಜಿನ್ ಆಫ್ ಮಾಡಿ ಕೀಲಿ ತೆಗೆದೆ. ಕಿಟಕಿಯಿಂದ ಬಗ್ಗಿ ಆ ತಾಯಿಯನ್ನು ಕರೆದೆ.

"ನಾನು ಯಾವತ್ತೂ ಕುಡಿದೋನಲ್ಲ ಕಣಮ್ಮ. ಅವತ್ತೂ ಕುಡಿದಿರ್ಲಿಲ್ಲ, ಕುಡೀದೇನೇ ಹಂಗಾಯ್ತು. ಮಗೀನ ಕೆಳಗಿಳಿಸ್ಕೊ."

ಅವಳಿಗೆ ಮೊದಲು ಅರ್ಥವಾಗಲಿಲ್ಲ. ನನ್ನ ಮುಖವನ್ನೇ ನೋಡಿದಳು, ಕೈಯಲ್ಲಿದ್ದ ಕೀಲಿಯನ್ನು ನೋಡಿದಳು. ಆಮೇಲೆ ಬಾಗಿಲ ಹತ್ತಿರ ಹೋಗಿ ಎರಡೂ ಕೈ ಚಾಚಿ ನಿಂತಳು.